ನಮ್ಮ ಅಂಗಡಿಗೆ ದೆವ್ವದ ಮಷೀನು ಬಂತು

ಆಟದ ಅಂಗಡಿ ಬಾಗಿಲಿಗೆ ಕುಂತವನು ನಗೋದನ್ನ ಹುಡುಕಿಕೊಂಡು ಹೋಗಬೇಕಿಲ್ಲ. ಅದೇ ಒಳಗ ಬರ್ತದ. ಈ ಬ್ಯಾಸಗಿ ನನಗ ನಗೋ ಮನಸ್ಸಿರಲಿಲ್ಲ. ಆದರೂ ಬಂತು.

ನಾನು ರಾಯಚೂರಿನವನು. ಓದಿದ್ದು ಮೂರನೇ ಕ್ಲಾಸು. ದುಡಿದದ್ದು ಹತ್ತಿ ಜಿನ್ನಿಂಗಿನಾಗ. ಹೋದ ದೀಪಾವಳಿ ಮುಂದ ಹೆಂಡತಿ ತೀರಿ ಹೋದಳು. ಆಮ್ಯಾಲೆ ಮನಿಯಾಗ ಕುಂದ್ರೋದು ಆಗಲಿಲ್ಲ. ಮಗಳು ದೇವದುರ್ಗದಾಗ ಅದಾಳ, ಬಾ ಅಂತಾಳ. ಅಳಿಯನ ಮನಿಯಾಗ ಎಷ್ಟು ದಿನ ಉಣ್ಣೋದು? ಅದಕ್ಕ ಬಸ್ ಸ್ಟ್ಯಾಂಡ್ ಕಡಿ ಈ ವಿಡಿಯೋ ಗೇಮಿನ ಅಂಗಡಿಯಾಗ ಸೇರಿದೆ. ಬಾಗಲಾ ತೆಗೀಬೇಕು. ಕಸಾ ಹೊಡೀಬೇಕು. ಬಂದವರಿಗೆ ಬಿಲ್ಲಿ ಕೊಡಬೇಕು. ಬಿಲ್ಲಿ ಹಾಕಿದರ ಮಷೀನು ನಡೀತದ. ಉಳಿದ ಹೊತ್ತು ಕುಂದ್ರಬೇಕು. ಮಂದಿ ನಡುವ ಕುಂದ್ರೋದು. ನನಗ ಅದು ಬೇಕಾಗಿತ್ತು.

ಆದರ ಮಂದಿ ಕಡಿಮಿ ಆಗಾಕತ್ತಿದ್ದರು. ಕಾರ್ ಓಡಿಸೋ ಮಷೀನಿನ ಸ್ಟೇರಿಂಗು ಕಿತ್ತಿತ್ತು. ಬಂದೂಕಿನ ಮಷೀನು ಒಂದೇ ಕಡಿ ಹೊಡೀತಿತ್ತು. ಹೊಸದು ಒಂದು ಬಂದು ನಡದರ ಅಂಗಡಿ ಉಳೀತದ, ಇಲ್ಲಂದ್ರ ಮುಚ್ಚೋದು ಅಂತ ಸಾಹುಕಾರ ಅಂದಿದ್ದ. ಮುಚ್ಚಿದರ ನನಗ ಹೊಳ್ಳಿ ಮನಿ. ಹೊಳ್ಳಿ ಗೋಡಿ.

೧. ಫ್ಲೆಕ್ಸು

ಸಾಹುಕಾರ ಅಂದರ ಇನ್ನೂ ಹುಡುಗ. ನನ್ನ ಮಗಳ ವಯಸ್ಸು. ಒಂದು ಮುಂಜಾನಿ ಓಡಿಕೊಂತ ಬಂದು ಫೋನು ಮುಖಕ್ಕ ಹಿಡಿದ.

"ಕಾಕಾ, ಇದು ನೋಡ್ರಿ. ಕಂಪನಿಯವರು ನಿನ್ನೆ ರಾತ್ರಿ ಹೇಳ್ಯಾರ ಇಂಥಾದ್ದು ಬರ್ತದ ಅಂತ. ನಾನು ಇವತ್ತ ಬುಕ್ ಮಾಡೀನಿ. ಈ ಭಾಗಕ್ಕ ನಾವ ಮೊದಲು."

ನೋಡಿದೆ. ಒಂದು ಇಳಿಜಾರು ಮೇಜು. ಮ್ಯಾಲೆ ಗಾಜು. ಒಳಗ ಉಕ್ಕಿನ ಗುಂಡು ಓಡಾಡ್ತದ. ಕೆಳಗ ಎರಡು ಸಣ್ಣ ಕೈ. ಬಾಜೂಕಿನ ಗುಂಡಿ ಒತ್ತಿದರ ಆ ಕೈ ಗುಂಡನ್ನ ಮ್ಯಾಲೆ ಒದೀತಾವ. ಗುಂಡು ಕೆಳಗಿನ ಬಾವಿಗೆ ಬೀಳಬಾರದು. ಇಷ್ಟೇ ಆಟ. ಪಿನ್‌ಬಾಲ್ ಅಂತಾರ. ಎದುರಿಗೆ ನಿಂತ ಹಲಗಿ ಮ್ಯಾಲೆ ಒಬ್ಬ ಹೆಣ್ಣುಮಗಳು. ಬಿಳಿ ಸೀರಿ, ಬಿಟ್ಟ ಕೂದಲು, ದೊಡ್ಡ ಕಣ್ಣು.

"ಯಾರು ಈಕಿ?"

"ದೆವ್ವ ಕಾಕಾ. ಮಂದಿ ಅಂಜಬೇಕು."

"ರೊಕ್ಕಾ ಕೊಟ್ಟು ಅಂಜತಾರೇನು?"

"ಈಗ ಹಂಗ ಅದ ಜಮಾನಾ."

ಮಷೀನು ಬರೋದಕ್ಕ ಮೊದಲ ಫ್ಲೆಕ್ಸು ಹಾಕಬೇಕು ಅಂದ. ಫ್ಲೆಕ್ಸ್ ಅಂಗಡಿಯವನ ಹತ್ತಿರ ಎರಡು ನಮೂನಿ ತಯಾರಿದ್ದವು. ಒಂದು ಹುಟ್ಟುಹಬ್ಬದ್ದು. ಇನ್ನೊಂದು ಶ್ರದ್ಧಾಂಜಲಿದು. ಚಿತ್ರ ನೋಡಿ ಅವನು ಹುಟ್ಟುಹಬ್ಬದ್ದು ಬಿಟ್ಟ. ಎಡಕ್ಕೊಂದು ದೀಪ, ಬಲಕ್ಕೊಂದು ದೀಪ, ಮ್ಯಾಲೆ ಹೂವಿನ ಮಾಲಿ. ನಡುವ ಆಕಿ. ಕೆಳಗ ಸಣ್ಣಕ್ಕ 'ಶೀಘ್ರದಲ್ಲೇ ಬರಲಿದ್ದಾಳೆ' ಅಂತ ಬರದಿದ್ದ. ಸಣ್ಣ ಅಕ್ಷರ ಯಾರು ಓದತಾರ?

ರಸ್ತಾದಾಗ ಹೋಗೋರು ಎದಿ ಮುಟ್ಟಿಕೊಂಡು ಹೋಗಾಕತ್ತರು. ಎದುರಿನ ಚಾದವನು ಹಾಡು ಬಂದ್ ಮಾಡಿದ. ಇಬ್ಬರು ಹಿರಿಯರು ಬಂದು ಮಣ್ಣು ಯಾವಾಗ ಆತು ಅಂತ ಕೇಳಿದರು. ಸಾಹುಕಾರ "ಆಕಿ ಇನ್ನೂ ಬಂದಿಲ್ರಿ" ಅಂದ. ಅವರು ಪಾಪ, ಹೆಣ ದೂರದ ಊರಿಂದ ಬರಬೇಕು ಅಂತ ತಿಳಕೊಂಡು ಕಟ್ಟಿ ಮ್ಯಾಲೆ ಕುಂತು ಕಾದರು.

ಮಾನ್ವಿಯಿಂದ ನನ್ನ ಹೆಂಡತಿ ತಮ್ಮ ಬಂದ. ಬಸ್ ಇಳಿದು ನನ್ನ ನೋಡಿ ಹೋಗಾಕ ಬಂದವನು ಫ್ಲೆಕ್ಸಿನ ಕೆಳಗ ನಿಂತುಬಿಟ್ಟ. ಚಪ್ಪಲಿ ಬಿಟ್ಟ. ಟವಲ್ ಕಣ್ಣಿಗೆ ಒತ್ತಿಕೊಂಡ. ನಾನು ಒಳಗಿಂದ ನೋಡಾಕತ್ತಿದ್ದೆ. ಅವನು ಒಳಗ ಬಂದು ನನ್ನ ಕೈ ಹಿಡಿದ.

"ಮಾವಾ, ಅಕ್ಕಂದು ಇಷ್ಟು ದೊಡ್ಡ ಫ್ಲೆಕ್ಸು ಹಾಕ್ಸೀರಿ. ನಮಗೊಂದು ಮಾತು ಹೇಳಬಾರದಾ?"

ಅವನಿಗೆ ನೀರು ಕೊಟ್ಟು ಅಂದೆ.

"ಅದು ಆಕಿ ಅಲ್ಲಪಾ. ಅದು ದೆವ್ವ. ಆಟದ್ದು."

ಅವನು ಹೊರಗ ಹೋದ. ಹೊಳ್ಳಿ ನೋಡಿದ. ಬಹಳ ಹೊತ್ತು ನೋಡಿದ. ಬಂದ.

"ಹೌದು ಮಾವಾ. ಫೋಟೋ ಚಲೋ ಬಂದಿಲ್ಲ ಅಂತ ನನಗೂ ಅನಸ್ತು. ಆದ್ರ ಕಣ್ಣು ಮಾತ್ರ ಬರೋಬ್ಬರಿ ಅಕ್ಕಂದು. ನೀವು ಸಂತಿಗೆ ಹೋಗಿ ತಡಾ ಮಾಡಿ ಬಂದ್ರ ಹಿಂಗ ನೋಡ್ತಿದ್ದಳು."

೨. ಇಳಿಸೋದು

ಮಷೀನು ಲಾರಿಯಾಗ ಬಂತು. ಉದ್ದನ ಪೆಟ್ಟಿಗಿ. ಇಳಸಾಕ ಗಂಜ್ ಮಾರ್ಕೆಟ್ಟಿನಿಂದ ನಾಲ್ಕು ಮಂದಿ ಹಮಾಲರು ಬಂದರು. ದಿನಾ ಭತ್ತದ ಚೀಲ ಎತ್ತೋರು. ಒಂದು ಹೆಜ್ಜಿ ತಂದಿದ್ದರು. ಹಿರೇ ಹಮಾಲ ಕೇಳಿದ.

"ಏನದ ಸಾಹುಕಾರ್ರ ಒಳಗ?"

ಸಾಹುಕಾರನಿಗೆ ಹಿಗ್ಗು. "ದೆವ್ವ" ಅಂದ.

ನಾಲ್ಕೂ ಮಂದಿ ಪೆಟ್ಟಿಗಿ ನಡುರಸ್ತಾದಾಗ ಇಟ್ಟರು. ಹಿಂದ ಆಟೋಗಳು ಹಾರ್ನ್ ಹೊಡಿಯಾಕತ್ತವು. ಮುಂದ ಹೋಗವಲ್ಲರು, ಹಿಂದ ಹೋಗವಲ್ಲರು. ಬಿಸಿಲು ನೆತ್ತಿ ಮ್ಯಾಲೆ. ಸಾಹುಕಾರ ಬೆವೆತು ಹೋದ.

"ಜೀವಂತ ಅದ ಏನ್ರಿ?" ಹಿರೇ ಹಮಾಲ ಕೇಳಿದ.

"ಇಲ್ಲೋ ಮಾರಾಯಾ. ಕರೆಂಟ್ ಕೊಟ್ರ ಅಷ್ಟ."

"ಹಂಗಾದ್ರ ಕರೆಂಟ್ ಹೋದ ಮ್ಯಾಲೆ ಒಯ್ಯಾನು."

ಅಂದವರೇ ಚಾದಂಗಡಿಯಾಗ ಕುಂತರು. ಇಡೀ ರಾಜ್ಯಕ್ಕ ಕರೆಂಟ್ ಮಾಡಿ ಕಳಸೋ ಜಿಲ್ಲಾ ನಮ್ಮದು. ಅವರ ಚಾ ಆರೋದಕ್ಕ ಮೊದಲ ಕರೆಂಟ್ ಹೋತು.

೩. ಪ್ಲಗ್ಗಿನ ಪೂಜಿ

ನಮ್ಮ ಕಡಿ ಹೊಸದೇನು ಬಂದರೂ ಪೂಜಿ ಆಗಬೇಕು. ಟ್ರ್ಯಾಕ್ಟರ್ ಇರಲಿ, ಫ್ರಿಜ್ ಇರಲಿ. ಸಾಹುಕಾರ ಪೂಜಾರಪ್ಪನವರನ್ನ ಕರಸಿದ. ಅವರು ತಾಟು, ಕಾಯಿ, ನಿಂಬಿಹಣ್ಣು ಎಲ್ಲಾ ಜೋಡಿಸಿಕೊಂಡು ಆಮ್ಯಾಲೆ ತಲಿ ಎತ್ತಿ ನೋಡಿದರು. ಕೈ ಅಲ್ಲೇ ನಿಂತಿತು.

"ಸಾಹುಕಾರ್ರ, ಇದಕ್ಕ ಆರತಿ ಎತ್ತಿದ್ರ ಇಲ್ಲೇ ಉಳೀತದ. ಎತ್ತಲಿಲ್ಲಂದ್ರ ಸಿಟ್ಟಾಗ್ತದ."

"ಉಳೀಲಿ ಅಂತನ ತಂದೀನ್ರಿ."

"ನಿಮ್ಮದು ಬರೋಬ್ಬರಿ. ನಾನು ಮನಿಗೆ ನಡಕೊಂತ ಹೋಗಬೇಕು. ನನ್ನ ಹಿಂದ ಬಂದ್ರ?"

ಕರ್ಪೂರ ಕೈಯಾಗ ಕರಗಾಕತ್ತಿತ್ತು. ಕಡೀಗೆ ಪೂಜಾರಪ್ಪನವರೇ ಉಪಾಯ ತೆಗೆದರು.

"ಈಕಿಗೆ ಜೀವ ಎಲ್ಲಿಂದ ಬರ್ತದ?"

"ಪ್ಲಗ್ಗಿನಿಂದ್ರಿ."

"ಹಂಗಾದ್ರ ಪ್ಲಗ್ಗಿಗೆ ಮಾಡಾನು. ಮುಖಾ ನೋಡೋದ ಬ್ಯಾಡ."

ಪ್ಲಗ್ಗಿಗೆ ವಿಭೂತಿ ಹಚ್ಚಿದರು. ಕುಂಕುಮ ಇಟ್ಟರು. ವೈರಿಗೆ ಹೂವು ಸುತ್ತಿದರು. ಮಷೀನಿಗೆ ಬೆನ್ನು ಮಾಡಿ ಕುಂತು ಮಂತ್ರ ಹೇಳಿದರು. ಕಾಯಿ ಒಡೆದರು. ಸಾಹುಕಾರ ಪ್ಲಗ್ ಚುಚ್ಚಿದ.

ಮೊದಲು ಏನೂ ಆಗಲಿಲ್ಲ. ಆಮ್ಯಾಲೆ ಒಂದೊಂದೇ ಕೆಂಪು ದೀಪ ಹತ್ತಿದವು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಆಗ ಆಕಿ ನಕ್ಕಳು. ಆ ನಗಿ ನೆಲದಿಂದ ಬಂದಂಗ ಇತ್ತು. ಕಪಾಟಿನ ಗಾಜು ನಡುಗಿದವು.

ನಾನು ಕಣ್ಣು ತೆಗೆದಾಗ ತಾಟು ಅಲ್ಲೇ ಇತ್ತು, ಕಾಯಿ ಅಲ್ಲೇ ಇತ್ತು, ಪೂಜಾರಪ್ಪನವರು ಇರಲಿಲ್ಲ. ದಕ್ಷಿಣಿ ಬಿಟ್ಟು ಓಡಿದ ಪೂಜಾರಿನ್ನ ನಾನು ನೋಡಿದ್ದು ಜನ್ಮದಾಗ ಅದೊಂದೇ ಸಲ.

೪. ಕರದಾಕಿ

ಆ ಮಷೀನಿಗೆ ಒಂದು ಗುಣ ಅದ. ಯಾರೂ ಆಡದೇ ಬಹಳ ಹೊತ್ತು ಬಿಟ್ಟರ ತಾನೇ ಕರೀತದ. ಮಾತು ಇಂಗ್ಲಿಷಿಂದು. ದನಿ ಹೆಣ್ಣಿಂದು. ನನಗ ಅದನ್ನ ಯಾರೂ ಹೇಳಿರಲಿಲ್ಲ.

ಮರುದಿನ ಮುಂಜಾನಿ ಒಬ್ಬನೇ ಬಾಗಲಾ ತೆಗೆದೆ. ಮಷೀನು ಚಾಲೂ ಮಾಡಿದೆ. ಕಸಾ ಹೊಡಿಯಾಕ ಹತ್ತಿದೆ. ಅಂಗಡಿ ಖಾಲಿ. ಅರ್ಧ ಶಟರು ಇಳಿದಿತ್ತು, ಕತ್ತಲಿ ಇತ್ತು. ಒಳಗಿನ ಮೂಲಿಯಿಂದ ಒಂದು ಹೆಣ್ಣುದನಿ ಕರೀತು. ಜೋರಲ್ಲ. ಒಳಮನಿಯಿಂದ ಕರದಂಗ.

"ಬಂದೆ" ಅಂದೆ.

ಅದು ನಾನು ಅಂದದ್ದಲ್ಲ. ಬಾಯಿ ಅಂತು. ಕೈಯಾಗಿನ ಪೊರಕಿ ಕೆಳಗ ಬಿತ್ತು. ಮತ್ತೊಮ್ಮೆ ಕರೀತು. ನಾನು ಹೋದೆ, ಆದರ ಮಷೀನಿನ ಕಡಿ ಅಲ್ಲ.

ಮನಿಯಾಗ ಹೆಂಡತಿ ಒಳಗಿಂದ ಕರದಳು ಅಂದರ ಒಂದೇ ಅರ್ಥ. ಎಣ್ಣಿ ತೀರೇದ, ಇಲ್ಲ ಉಪ್ಪು ತೀರೇದ. ನನಗ ಎಚ್ಚರ ಬಂದಾಗ ನಾನು ಗೋಡಿ ಮೊಳಿಗೆ ತೂಗು ಹಾಕಿದ ಚೀಲ ತಗೊಂಡು, ಚಪ್ಪಲಿ ಮೆಟ್ಟಿ, ಹೊರಗ ರಸ್ತಾದಾಗ ನಿಂತಿದ್ದೆ. ಏನು ತರಬೇಕು ಅನ್ನೋದೊಂದು ಗೊತ್ತಿರಲಿಲ್ಲ.

೫. ವಿಚಾರಣಿ

ಮಂದಿ ಬರಲಿ ಅಂತ ಸಾಹುಕಾರ ದನಿ ಪೂರಾ ಏರಿಸಿದ. ಗುಂಡು ಬಾವಿಗೆ ಬಿದ್ದರ ಆಕಿ ನಗ್ತಾಳ. ಒಳಗಿನ ದೀಪದ ಕಂಬಕ್ಕ ಬಡದರ ಚೀರತಾಳ. ಆ ಚೀರೋದು ಬಸ್ ಸ್ಟ್ಯಾಂಡ್ ತನಕ ಹೋತು. ಯಾರೋ ಪುಣ್ಯಾತ್ಮ ಪೊಲೀಸರಿಗೆ ಫೋನ್ ಹಚ್ಚಿದ. ಒಂದು ಅಂಗಡಿಯಾಗ ಹೆಣ್ಣುಮಗಳನ್ನ ಹೊಡಿಯಾಕತ್ಯಾರ ಅಂತ.

ಒಬ್ಬ ಪೇದಿ ಬಂದ. ವಯಸ್ಸಾದವನು, ಮೀಸಿ ದೊಡ್ಡದು. ನಾನು ಬಾಗಿಲಿಗಿದ್ದೆ.

"ಯಾರನ್ನ ಹೊಡಿಯಾಕತ್ತೀರಿ ಒಳಗ?"

"ಯಾರನ್ನೂ ಇಲ್ರಿ."

ಆಗ ಚೀರಿದಳು. ಪೇದಿ ಲಾಠಿ ಗಟ್ಟಿ ಹಿಡಿದ. ಈ ವಯಸ್ಸಿನಾಗ ಠಾಣೆ ಮೆಟ್ಟಿಲು ಹತ್ತಬೇಕೇನಪ್ಪ ಅಂದುಕೊಂಡೆ.

"ಯಾರದಾರ ಒಳಗ?"

"ದೆವ್ವರಿ."

"ಕುಡದೀಯೇನು?"

"ಇಲ್ರಿ."

"ಹೊರಗ ಕರಿ ಆಕಿನ್ನ."

"ಬರಂಗಿಲ್ರಿ. ನಾಲ್ಕು ಕಾಲದಾವ. ನಾಲ್ಕಕ್ಕೂ ಬೋಲ್ಟ್ ಬಿಗದಾರ."

ಪೇದಿ ನನ್ನನ್ನ ದೂಡಿ ಒಳಗ ಹೋದ. ಮಷೀನು ನೋಡಿದ. ಆಡೋ ಹುಡುಗರು ಓಡಿ ಹೋಗಿದ್ದರು. ನಾನು ಹೆಂಗ ಚೀರತಾಳ ಅಂತ ಹೇಳಿದೆ. ನಂಬಲಿಲ್ಲ. "ತೋರಸು" ಅಂದ. ಬಿಲ್ಲಿ ಹಾಕಿದೆ. ಅವನೇ ಗುಂಡಿ ಒತ್ತಿದ. ಗುಂಡು ನೆಟ್ಟಗ ಬಾವಿಗೆ ಬಿತ್ತು. ಆಕಿ ನಕ್ಕಳು.

"ಯಾರಿಗೆ ನಗಾಕತ್ತಾಳ ಈಕಿ?"

ಅಲ್ಲಿ ಆಡಾಕತ್ತಿದ್ದವನು ಅವನೊಬ್ಬನೇ.

ಮತ್ತೊಂದು ಬಿಲ್ಲಿ. ಮತ್ತ ನಕ್ಕಳು. ಟೊಪ್ಪಿಗಿ ತೆಗೆದು ಬಾಜೂಕ ಇಟ್ಟ. ಮತ್ತೊಂದು. ಲಾಠಿ ನನ್ನ ಕೈಯಾಗ ಕೊಟ್ಟ. ಹೊರಗ ಮಂದಿ ಸೇರಿದರು. ಪೊಲೀಸ್ ಒಳಗ ಹೋಗ್ಯಾನ, ಹೊರಗ ಬಂದಿಲ್ಲ ಅಂತ ಒಬ್ಬರಿಗೊಬ್ಬರು ಹೇಳಿಕೊಂಡರು. ಕಡೀಗೆ ಅವನನ್ನ ಹುಡುಕಿಕೊಂಡು ಇನ್ನೊಬ್ಬ ಪೇದಿ ಬಂದ. ಸಣ್ಣ ವಯಸ್ಸಿನವನು.

"ಸರ, ಏನಾತ್ರಿ? ಸಾಹೇಬ್ರು ಕೇಳಾಕತ್ಯಾರ."

ಹಿರಿಯ ಪೇದಿ ಹೊಳ್ಳಿ ನೋಡಲಿಲ್ಲ. ಎರಡೂ ಕೈ ಗುಂಡಿ ಮ್ಯಾಲೆ ಇದ್ದವು.

"ವಿಚಾರಣಿ ನಡದದ ಅಂತ ಹೇಳು. ಇನ್ನೂ ಒಪ್ಪಿಕೊಳ್ಳವಲ್ಲಳು."

೬. ಉಳ್ಳಾಗಡ್ಡಿ

ನಗಿ ಅಲ್ಲಿಗೆ ಮುಗೀತು. ಎರಡು ಸಲ ಪೊಲೀಸರು ಬಂದ ಅಂಗಡಿಗೆ ಯಾರು ಮಕ್ಕಳನ್ನ ಕಳಸತಾರ? ಒಳಗ ಏನೋ ಆಗ್ಯಾದ ಅಂತ ಸುದ್ದಿ ಹಬ್ಬಿತು. ತಾಯಂದಿರು ಹುಡುಗರ ಕೈ ಹಿಡಕೊಂಡು ಆಚಿ ಬಾಜೂಕ ಹೋಗಾಕತ್ತರು. ಸಾಹುಕಾರ ಗಲ್ಲಾದಾಗ ತಲಿ ಹಿಡಕೊಂಡು ಕುಂತ.

"ಕಾಕಾ, ಮಂಗಳವಾರ ತನಕ ನೋಡ್ತೀನಿ. ಆಗಲಿಲ್ಲಂದ್ರ ಕಂಪನಿಯವರಿಗೆ ಹೊಳ್ಳಿ ಒಯ್ರಿ ಅಂತೀನಿ. ಅಂಗಡಿ ತೆಗದು ಮೊಬೈಲ್ ಕವರ್ ಮಾರ್ತೀನಿ."

"ನನ್ನ ಕೆಲಸ?"

"ಅದಕ್ಕ ನಾನೊಬ್ಬನ ಸಾಕು. ನೀವು ಮನಿಯಾಗ ಆರಾಮ ಇರ್ರಿ."

ಆರಾಮ ಅಂದ. ಅಂಗಡಿಯಾಗ ದೆವ್ವ ಇತ್ತು. ಮನಿಯಾಗ ಏನೂ ಇರಲಿಲ್ಲ. ನನಗ ಏನೂ ಇಲ್ಲದ್ದರ ಅಂಜಿಕಿನೇ ದೊಡ್ಡದು.

ಆ ವಾರ ಬಂದವನು ಒಬ್ಬನೇ. ಮಟಮಾರಿಯ ಒಕ್ಕಲಿಗ. ಪಂಪಿನ ಸಾಮಾನು ತರಾಕ ಬಂದಿದ್ದ. ಸುದ್ದಿ ಅವನ ಕಿವಿಗೆ ಬಿದ್ದಿರಲಿಲ್ಲ. ತೋಳು ಅಂದರ ಕಾಳು ತುಂಬೋ ಹಗೇವು ತೋಡೋ ತೋಳು. ಚಲೋ ಆಡಿದ. ಗುಂಡು ಬಾವಿ ಕಡಿ ಜಾರಿತು. ಅವನು ಏನು ಮಾಡಬೇಕು? ಮಷೀನನ್ನೇ ಮುಂದಿನ ಕಾಲು ಹಿಡಿದು ಎತ್ತಿಬಿಟ್ಟ. ಗುಂಡು ಹೊಳ್ಳಿ ಮ್ಯಾಲೆ ಹೋಗಲಿ ಅಂತ.

ದೀಪ ಎಲ್ಲಾ ಆರಿದವು. ದನಿ ನಿಂತಿತು. ಸಣ್ಣ ಕೈ ಎರಡೂ ಜೋತು ಬಿದ್ದವು.

"ಕಾಕಾ, ನಾ ಏನೂ ಮಾಡಿಲ್ಲ. ಹಿಂಗ ಮುಟ್ಟಿದೆ ಅಷ್ಟ."

ಅಲುಗಾಡಿಸಿದರ ಸ್ವಲ್ಪ ಹೊತ್ತು ತಾನೇ ಬಂದ್ ಆಗ್ತದ ಅನ್ನೋದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮುಗೀತು ಅಂದುಕೊಂಡೆ. ಮಂಗಳವಾರ ತನಕಾನೂ ಇಲ್ಲ. ಇವತ್ತೇ ಮನಿ. ಸಾಹುಕಾರ ಊಟಕ್ಕ ಹೋಗಿದ್ದ, ಬರೋ ಹೊತ್ತಾಗಿತ್ತು.

ಒಕ್ಕಲಿಗ ಗಾಜಿಗೆ ಕಿವಿ ಹಚ್ಚಿದ. "ಉಸಿರಿಲ್ಲ" ಅಂದ. ಟವಲಿಲೆ ಗಾಳಿ ಹಾಕಿದ. ಆಮ್ಯಾಲೆ ನನ್ನ ಕಡಿ ತಿರುಗಿದ.

"ಉಳ್ಳಾಗಡ್ಡಿ ಅದ ಏನು ಕಾಕಾ?"

ನನ್ನ ಬುತ್ತಿಯಾಗ ಇತ್ತು. ಯಾಕ ಕೊಟ್ಟೆ ಅಂತ ಕೇಳಬ್ಯಾಡ್ರಿ. ಎಚ್ಚರ ತಪ್ಪಿದವರಿಗೆ ನಮ್ಮ ಕಡಿ ಮೊದಲು ಕೊಡೋದು ಅದನ್ನೇ. ಅವನು ಒಂದೇ ಗುದ್ದಿಗೆ ಒಡೆದ. ಹಲಗಿ ಮ್ಯಾಲಿನ ಆಕಿ ಮೂಗಿಗೆ ಹಿಡಿದ. ಚಲೋತಂಗ ತಿಕ್ಕಿದ. ತಿಕ್ಕೋ ಹೊತ್ತಿಗೆ ದೀಪ ಹತ್ತಿದವು. ಆಕಿ ನಕ್ಕಳು.

"ನೋಡ್ರಿ" ಅಂದ ಒಕ್ಕಲಿಗ, ಬೆವರು ಒರಸಿಕೊಂಡು. "ಹೆಣ್ಣಿರಲಿ ದೆವ್ವ ಇರಲಿ, ಉಳ್ಳಾಗಡ್ಡಿ ಸುಳ್ಳಾಗಂಗಿಲ್ಲ."

ಆವತ್ತು ನಾನು ಬರೀ ರೊಟ್ಟಿ ತಿಂದೆ. ಸಾಹುಕಾರ ಬಂದು ಮೂಗು ಏರಿಸಿದ. "ಕಾಕಾ, ಯಾರ ಬಾಯಿ ವಾಸನಿ ಇದು?" ನಾನು ಆಕಿ ಕಡಿ ಕೈ ತೋರಿಸಿದೆ.

೭. ತವರಿನವರು

ಮಂಗಳವಾರ ಬಂತು. ಯಾರೂ ಬರಲಿಲ್ಲ. ಸಾಹುಕಾರ ಕಂಪನಿಗೆ ಫೋನ್ ಹಚ್ಚಿದ. ಮಷೀನು ವಾಪಸ್ ಒಯ್ರಿ ಅಂದ. ವಿಚಾರ ಮಾಡಿ ಹೇಳ್ತೀವಿ ಅಂದರಂತ. ನಾನು ನನ್ನ ಬುತ್ತಿ, ಚೀಲ ಒಂದು ಕಡಿ ಇಟ್ಟುಕೊಂಡೆ. ಬಿಸಿಲು ಬಾಗಿಲ ತನಕ ಬಂದಿತ್ತು.

ಎದುರಿಗೆ ಒಂದು ಕ್ರೂಸರ್ ಗಾಡಿ ನಿಂತಿತು. ಗಾಲಿ ಪಂಚರ್. ತುಂಬ ಹೆಣ್ಣುಮಕ್ಕಳು. ಚಂದ್ರಬಂಡದವರು, ನೀರಮಾನ್ವಿ ಯಲ್ಲಮ್ಮಗ ಹೊಂಟವರು. ನೆರಳಿಲ್ಲ, ಮಕ್ಕಳು ಅಳಾಕತ್ತಿದ್ದವು. ಒಬ್ಬ ಮುದುಕಿ ನಮ್ಮ ಬಾಗಿಲಿಗೆ ಬಂದಳು.

"ಯಪ್ಪಾ, ಜರಾ ನೀರು ಕೊಡ್ತಿ?"

ಒಳಗ ಕೂಲರ್ ಅದ, ಬರ್ರಿ ಅಂದೆ. ಬಂದು ಸಾಲಿಗೆ ಕುಂತರು. ನೀರು ಕುಡಿದರು. ಮಷೀನಿಗೆ ಬೆನ್ನು ಮಾಡಿ ಕುಂತಿದ್ದರು, ನೋಡಿರಲಿಲ್ಲ. ನಾನು ಪ್ಲಗ್ ತೆಗೀಬೇಕು ಅಂತ ಏಳೋದರೊಳಗ ಆಕಿ ಕರದಳು. ಕರದು, ಉದ್ದಕ್ಕ ಒಂದು ದನಿ ತೆಗೆದಳು.

ಕುಂತವರು ಎದ್ದದ್ದು ನಾನು ನೋಡಲಿಲ್ಲ. ಬಾಗಿಲಾಗ ಒಬ್ಬರ ಮ್ಯಾಲೆ ಒಬ್ಬರು ಇದ್ದರು. ಒಂದು ಕೊಡಪಾನ ಉರುಳಿಕೊಂತ ಮೂಲಿಗೆ ಹೋತು. ಸಾಹುಕಾರ ಕಣ್ಣು ಮುಚ್ಚಿಕೊಂಡ. ಇನ್ನು ಇಡೀ ತಾಲೂಕಿಗೆ ಸುದ್ದಿ.

ಮುದುಕಿ ಮಾತ್ರ ಎದ್ದಿರಲಿಲ್ಲ.

"ಯಾರಾಕಿ ಒಳಗ ಅಳಾಕತ್ತಾಕಿ?"

"ಅಳೋದಲ್ಲ ಯವ್ವಾ. ಆಟದ ಮಷೀನು. ಅದು ದೆವ್ವದ ದನಿ."

ಮೊಣಕಾಲಿಗೆ ಕೈ ಊರಿ ಎದ್ದಳು. ಮಷೀನಿನ ಮುಂದ ಹೋದಳು. ಗಾಜಿಗೆ ಮುಖಾ ಹಚ್ಚಿ ನೋಡಿದಳು. ಮುದುಕಿ ಮುಖದ ಮ್ಯಾಲೆ ಕೆಂಪು ದೀಪ ಬಿತ್ತು, ಆರಿತು, ಬಿತ್ತು.

"ಕೈಯಾಗ ಬಳಿ ಇಲ್ಲ."

"ಇಲ್ಲ ಯವ್ವಾ."

"ತಲಿ ಎಣ್ಣಿ ಕಂಡಿಲ್ಲ."

"ಅದು ಚಿತ್ರ ಯವ್ವಾ."

"ಚಿತ್ರ ತೆಗಿಯೋ ಮುಂದ ಎಣ್ಣಿ ಹಚ್ಚಾಕ ಏನಾಗಿತ್ತು ಅವರಿಗೆ?" ಅಂದಳು. "ಸುಮ್ಮಸುಮ್ಮನ ಯಾರೂ ದೆವ್ವ ಆಗಂಗಿಲ್ಲ ಯಪ್ಪಾ. ಉಡಿ ತುಂಬದಂಗ ಕಳಸ್ಯಾರ ಈಕಿನ್ನ. ಅದಕ್ಕ ತಿರಗಾಕತ್ಯಾಳ." ಬಾಗಿಲ ಕಡಿ ತಿರುಗಿದಳು. "ಒಳಗ ಬರ್ರಿ ಬೇ. ಹೆಣ್ಣುಮಗಳದಾಳ, ಹುಲಿ ಅಲ್ಲ. ಆ ಚೀಲ ತಾ."

ಒಬ್ಬ ಸೊಸಿ ಅಂದಳು, "ಅತ್ತಿ, ಅದು ಯಲ್ಲಮ್ಮಗ ಮೀಸಲು."

"ತಾಯಿಗೆ ಊರೆಲ್ಲಾ ತರ್ತದ. ಈಕಿಗೆ ಯಾರು ತರ್ತಾರ?"

ಚೀಲದಿಂದ ಅಕ್ಕಿ ತೆಗೆದಳು. ಕೊಬ್ಬರಿ ಬಟ್ಟಲು, ಅರಿಶಿಣ ಕೊಂಬು, ಎಲಿ ಅಡಕಿ, ಕುಬಸದ ಖಣ, ಹಸಿರು ಬಳಿ. ಉಡಿ ತುಂಬಬೇಕಂದರ ಸೆರಗು ಒಡ್ಡಬೇಕು. ಮಷೀನಿಗೆ ಸೆರಗೆಲ್ಲಿದು? ಯಾರು ಒಡ್ಡತೀರಿ ಅಂದಳು. ಯಾರೂ ಮುಂದ ಬರಲಿಲ್ಲ. ನನ್ನ ನೋಡಿದಳು.

"ನೀ ಒಡ್ಡು. ಟವಲ್ ಅದಲ್ಲ ಹೆಗಲ ಮ್ಯಾಲೆ."

"ನಾನು ಈಕಿಗೆ ಏನಾಗಬೇಕು ಯವ್ವಾ?"

"ದಿನಾ ಈಕಿ ಜೋಡಿ ಇರತಿ. ಇನ್ನೇನಾಗಬೇಕು?"

ಟವಲ್ ಒಡ್ಡಿ ನಿಂತೆ. ಹೋದ ಸಲ ಉಡಿ ತುಂಬಿದ್ದು ನಮ್ಮ ಮನಿಯಾಗ, ಹೆಂಡತಿ ತೀರಿದ ದಿನ. ಆಕಿ ಮಲಗಿದ್ದಳು. ಹೆಣ್ಣುಮಕ್ಕಳು ಸುತ್ತ ಇದ್ದರು. ಗಂಡಸರಿಗೆ ಒಳಗ ಕೆಲಸಿಲ್ಲ ಅಂದರು, ನಾನು ಅಂಗಳದಾಗ ನಿಂತಿದ್ದೆ. ಈಗ ಅಕ್ಕಿ ನನ್ನ ಟವಲಿಗೆ ಬಿತ್ತು. ಭಾರ ಇತ್ತು. "ತಗೋ ನನ್ನವ್ವ" ಅಂತ ಮುದುಕಿ ಪ್ರತಿ ಸಲ ಅಂದಳು. ನಾನು ತಲಿ ಎತ್ತಲಿಲ್ಲ.

ಮುಗೀತು. ಬಳಿ ಗಾಜಿನ ಮ್ಯಾಲೆ ಇಟ್ಟಳು. ಹಲಗಿ ಮ್ಯಾಲಿನ ಹಣಿಗೆ ಕುಂಕುಮ ಹಚ್ಚಿದಳು.

"ಈಗ ಈಕಿ ಏನು ಆಡತಾಳ, ತೋರಸು."

ಬಿಲ್ಲಿ ಹಾಕಿದೆ. ಎರಡೂ ಬಾಜೂಕ ಎರಡು ಗುಂಡಿ, ಗುಂಡು ಕೆಳಗ ಬಂದರ ಒತ್ತು ಯವ್ವಾ ಅಂದೆ. ಮುದುಕಿ ಕೈ ಇಟ್ಟಳು. ಗುಂಡಿನ ಕಡಿ ನೋಡಲೇ ಇಲ್ಲ. ರೊಟ್ಟಿ ಬಡದಂಗ ಬಡಿಯಾಕತ್ತಳು. ಬಲಗೈ, ಎಡಗೈ, ಬಲಗೈ, ಎಡಗೈ. ಒಂದೇ ಲಯ. ಬಾಯಿ ನನ್ನ ಜೋಡಿ ಮಾತಾಡಾಕತ್ತಿತ್ತು, ಯಾವೂರು, ಮಕ್ಕಳೆಷ್ಟು ಅಂತ. ಗುಂಡು ಕೆಳಗ ಬಂದಾಗೆಲ್ಲಾ ಕೈ ಅಲ್ಲಿ ಇರ್ತಿತ್ತು. ಪೇದಿಗೆ ಆಗಿದ್ದಿಲ್ಲ. ಕಾಲೇಜು ಹುಡುಗರಿಗೆ ಆಗಿದ್ದಿಲ್ಲ. ಮ್ಯಾಲಿನ ಮೂಲಿಯಾಗ ಒಂದು ಮುಚ್ಚಳ ತೆರೀತು, ಮೂರು ಗುಂಡು ಒಮ್ಮೆಲೆ ಹೊರಗ ಬಂದವು, ಇದ್ದಬದ್ದ ದೀಪ ಎಲ್ಲಾ ಹತ್ತಿದವು. ಯಾವತ್ತೂ ಕೇಳದ ಒಂದು ಹಾಡು ಒಳಗಿಂದ ಬಂತು.

"ನೋಡ್ರಿ ಬೇ, ಸಮಾಧಾನ ಆತು ಆಕಿಗೆ!"

"ಉಧೋ ಉಧೋ!" ಅಂದರು ಎಲ್ಲರೂ.

ಆಮ್ಯಾಲೆ ಸೊಸಿ ನನಗ ಬಿಡ್ರಿ ಅತ್ತಿ ಅಂದಳು. ಆಕಿ ಬಿಟ್ಟು ಇನ್ನೊಬ್ಬಾಕಿ. ರೊಟ್ಟಿ ಬಡದ ಕೈ ಎಲ್ಲರವೂ. ಉಧೋ ಕೇಳಿ ಚಾದವನು ಬಂದ. ಆಟೋದವರು ಬಂದರು. ಇಷ್ಟು ದಿನ ಆಚಿ ಬಾಜೂಕ ಹೋಗ್ತಿದ್ದ ತಾಯಂದಿರು ಮಕ್ಕಳನ್ನ ಕರಕೊಂಡು ಒಳಗ ಬಂದರು, ಉಡಿ ತುಂಬಿದ ಹೆಣ್ಣಿಗೆ ಏನು ಅಂಜೋದು ಅಂತ. ಪಂಚರ್ ಹಾಕಿ ಎಷ್ಟೋ ಹೊತ್ತಾಗಿತ್ತು. ಗಾಡಿಯವನೂ ಬಿಲ್ಲಿ ಹಿಡಕೊಂಡು ಪಾಳಿಯಾಗ ನಿಂತಿದ್ದ.

ಆಗ ಫೋನ್ ಬಂತು. ಗದ್ದಲಕ್ಕ ಕೇಳಂಗಿಲ್ಲ ಅಂತ ಸಾಹುಕಾರ ಸ್ಪೀಕರ್ ಹಾಕಿದ. ಕಂಪನಿಯವನು ಬೆಂಗಳೂರಿನ ಮಾತಾಡೋನು.

"ಸರ್, ರಿಟರ್ನ್ ಅಂದ್ರಲ್ಲ, ನಾಳೆ ಲಾರಿ ಕಳಿಸ್ತಾ ಇದೀವಿ. ಹೊಸ ಮಷೀನು ಅಲ್ವಾ, ಜನ ಮೊದಲ ಸಲ ನೋಡಿದಾಗ ಏನಂದ್ರು ಅಂತ ತಿಳ್ಕೋಬೇಕಿತ್ತು."

"ಯಾರದು?" ಮುದುಕಿ ಕೇಳಿದಳು.

"ಈಕಿನ್ನ ಕಳಸಿದವರು ಯವ್ವಾ" ಅಂದೆ ನಾನು. "ಹೊಳ್ಳಿ ಒಯ್ತಾರಂತ."

"ತವರಿನವರೇನು?"

ಸಾಹುಕಾರನ ಕೈಯಾಗಿನ ಫೋನು ಕಸಗೊಂಡಳು.

"ಯಪ್ಪಾ, ನೀ ಈಕಿ ತವರಿನವನೇನು? ನಾಚಿಗಿ ಇಲ್ಲ ನಿನಗ? ವಯಸ್ಸಿಗೆ ಬಂದ ಹೆಣ್ಣನ್ನ ಬಳಿ ಇಲ್ಲ, ಕುಂಕುಮಿಲ್ಲ, ತಲಿಗೊಂದು ಹನಿ ಎಣ್ಣಿ ಇಲ್ಲ, ಪೆಟಿಗ್ಯಾಗ ಹಾಕಿ ಕಳಸೀರಿ. ನಾವು ಉಡಿ ತುಂಬೀವಿ. ಈಗ ಈಕಿ ಈ ಮನಿಯಾಕಿ."

"ಅಮ್ಮಾ, ಅದು... ನಾಳೆ ಲಾರಿ..."

"ಲಾರಿ ಯಾಕ? ಹೆಣ್ಣುಮಗಳನ್ನ ಲಾರಿಯಾಗ ಕರಕೊಂಡು ಹೋಗ್ತಾರೇನು ನಿಮ್ಮ ಕಡಿ? ನಾಗರ ಪಂಚಮಿಗೆ ಬಾ. ಅಣ್ಣರ ಬರಬೇಕು, ತಮ್ಮರ ಬರಬೇಕು. ಸೀರಿ ತಗೊಂಡು ಬಾ, ಉಂಡಿ ಕಟಗೊಂಡು ಬಾ. ಎರಡು ದಿನ ಇಟಗೊಂಡು, ಜೋಕಾಲಿ ಆಡಿಸಿ, ಹೊಳ್ಳಿ ತಂದು ಬಿಟ್ಟು ಹೋಗು. ತಿಳೀತಾ?"

ಸಾಹುಕಾರ ಪಾಳಿ ನೋಡಿದ. ಪಾಳಿ ರಸ್ತಾ ತನಕ ಇತ್ತು. ಫೋನಿನ ಕಡಿ ಕೈ ಚಾಚಲಿಲ್ಲ. ನನ್ನ ಕಡಿ ಬಂದ.

"ಕಾಕಾ, ನಾಳಿ ಜರಾ ಲಗೂನ ಬಾಗಲಾ ತೆಗೀರಿ."

ಹೂಂ ಅಂದೆ. ಟವಲಿನಾಗಿನ ಅಕ್ಕಿ ಚೆಲ್ಲದಂಗ ಗಂಟು ಹಾಕಿದೆ.

ಫೋನು ಇನ್ನೂ ಚಾಲೂ ಇತ್ತು. ಆ ಕಡಿಯಿಂದ ದನಿ ಬಂತು. ಮೆತ್ತಗ, ಅಂಜಿಕೊಂತ.

"ಅಮ್ಮಾ, ಈ ಪಂಚಮಿ ಯಾವಾಗ ಬರುತ್ತೆ?"